ಗಟ್ಟಿ ಮಾಡುವ ಕಿಣ್ವವೇ ಮೆತ್ತಗೂ ಮಾಡುತ್ತದಾ?

ಪ್ರಶ್ನೆ: ನಾನು ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ. ಗಿಡದ ಕೋಶಕ್ಕೆ ಗಟ್ಟಿ ಗೋಡೆ ಇದೆ ಅಂತ ಹೈಸ್ಕೂಲಿನಿಂದ ಓದಿಕೊಂಡು ಬಂದಿದ್ದೇವೆ. ಹಾಗಿದ್ದರೆ ಕೋಶ ಬೆಳೆಯುವುದು ಹೇಗೆ? ಕಿಣ್ವಗಳು ಗೋಡೆಯನ್ನು ಕತ್ತರಿಸಿ ಸಡಿಲ ಮಾಡುತ್ತವೆ ಅಂತ ನಮ್ಮ ನೋಟ್ಸ್‌ನಲ್ಲಿದೆ. ಆದರೆ ಪೆಕ್ಟಿನ್ ಮೀಥೈಲ್ ಎಸ್ಟರೇಸ್ ಅನ್ನುವ ಕಿಣ್ವ ಗೋಡೆಯನ್ನು ಗಟ್ಟಿ ಮಾಡುತ್ತದೆ ಅಂತ ಒಂದು ಕಡೆ, ಮೆತ್ತಗೆ ಮಾಡುತ್ತದೆ ಅಂತ ಇನ್ನೊಂದು ಕಡೆ ಓದಿದೆ. ಯಾವುದನ್ನು ಬರೆಯಲಿ?

ಉತ್ತರ: ಎರಡೂ ಸರಿ. ಒಂದು ಅಂಕದ ಪ್ರಶ್ನೆಗೆ ಈ ಉತ್ತರ ಕೊಟ್ಟರೆ ಅಂಕ ಸಿಗುತ್ತದೋ ಇಲ್ಲವೋ, ಅದು ಬೇರೆ ಮಾತು. ಐದು ಅಂಕದ್ದು ಬಂದರೆ ಹೀಗೆ ಬರೆಯಿರಿ: ಆ ಕಿಣ್ವದ ಕೆಲಸ ಗೋಡೆಯಲ್ಲಿ ತುಂಬಿರುವ ಪೆಕ್ಟಿನ್ ಅನ್ನುವ ವಸ್ತುವಿನಲ್ಲಿರುವ ಮೀಥೈಲ್ ಗುಂಪನ್ನು ತೆಗೆಯುವುದು, ಅಷ್ಟೇ. ತೆಗೆದ ಜಾಗಕ್ಕೆ ಕ್ಯಾಲ್ಸಿಯಂ ಬಂದು ಕೂತರೆ ಗೋಡೆ ಗಟ್ಟಿಯಾಗುತ್ತದೆ. ಪೆಕ್ಟಿನ್ ಕತ್ತರಿಸುವ ಇನ್ನೊಂದು ಕಿಣ್ವ ಬಂದರೆ ಮೆತ್ತಗಾಗುತ್ತದೆ. ಯಾವುದು ಬರುತ್ತದೆ ಅನ್ನುವುದು ಆ ಅಂಗಾಂಶ ಯಾವುದು, ಅದರ ವಯಸ್ಸೆಷ್ಟು, ಅಲ್ಲಿನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ಎಷ್ಟು ಅನ್ನುವುದರ ಮೇಲಿದೆ. ಉಳಿದದ್ದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕಂದ್ರೆ ನಿಮ್ಮ ನೋಟ್ಸ್‌ನ "ಕತ್ತರಿಸಿ ಸಡಿಲ ಮಾಡುತ್ತವೆ" ಅನ್ನುವ ಮಾತೇ ಅರ್ಧಂಬರ್ಧ.

ಮೊದಲು ಕೋಶದೊಳಗಿನ ಒತ್ತಡ. ಬೆಳೆಯುತ್ತಿರುವ ಕೋಶದೊಳಗೆ ನೀರು ಗೋಡೆಯನ್ನು ಒತ್ತುವ ಬಲ ಸಾಮಾನ್ಯವಾಗಿ 0.3ರಿಂದ 1 ಮೆಗಾಪಾಸ್ಕಲ್. ಕಾರಿನ ಟೈರಿನಲ್ಲಿರುವುದು ಸುಮಾರು 0.2. ಅಂದರೆ ಬರಿಗಣ್ಣಿಗೆ ಕಾಣದ ಕೋಶ ಟೈರಿಗಿಂತ ಜಾಸ್ತಿ ಒತ್ತಡ ತಡೆದುಕೊಂಡು ಕೂತಿರುತ್ತದೆ, ಅದೂ ಸಾಮಾನ್ಯವಾಗಿ ಒಂದು ಮೈಕ್ರೋಮೀಟರ್ ಕೂಡ ದಪ್ಪ ಇಲ್ಲದ ಗೋಡೆಯ ಬಲದಿಂದ. ಬೆಳೆಯೋಕೆ ಬೇಕಾದ ಶಕ್ತಿ ಹೀಗೆ ಮೊದಲೇ ತಯಾರಾಗಿದೆ. ಗೋಡೆ ಒಂಚೂರು ಬಿಟ್ಟುಕೊಟ್ಟರೆ ಸಾಕು, ನೀರು ಒಳಗೆ ಬರುತ್ತದೆ, ಕೋಶ ಹಿಗ್ಗುತ್ತದೆ. ಜಾಸ್ತಿ ಬಿಟ್ಟುಕೊಟ್ಟರೆ ಒಡೆದೇ ಹೋಗುತ್ತದೆ. ಹಾಗಾಗಿ ಗೋಡೆಯನ್ನು ಸುಮ್ನೆ ಕತ್ತರಿಸುತ್ತಾ ಹೋಗುವುದು ಯಾವ ಗಿಡಕ್ಕೂ ಗಿಟ್ಟುವ ಕೆಲಸವಲ್ಲ.

ಎಳೆಯ ಗೋಡೆಯಲ್ಲಿ ಮುಖ್ಯವಾಗಿ ಮೂರು ಸಾಮಾನು. ಸುಮಾರು 3 ನ್ಯಾನೋಮೀಟರ್ ದಪ್ಪದ ಸೆಲ್ಯುಲೋಸ್ ಎಳೆಗಳು, ಅವುಗಳಿಗೆ ಅಂಟಿಕೊಂಡ ಕ್ಸೈಲೋಗ್ಲೂಕನ್‌ನಂಥ ಹೆಮಿಸೆಲ್ಯುಲೋಸ್‌ಗಳು, ಮತ್ತು ಇವೆಲ್ಲದರ ಸುತ್ತ ತುಂಬಿರುವ ಪೆಕ್ಟಿನ್. ಮರವನ್ನು ಮರ ಮಾಡುವ ಲಿಗ್ನಿನ್ ಇಲ್ಲಿ ಇನ್ನೂ ಬಂದಿರುವುದಿಲ್ಲ, ಕೋಶ ಬೆಳೆದು ಮುಗಿಸಿದ ಮೇಲೆ ಬೇಕಾದ ಕಡೆ ಮಾತ್ರ ಬರುತ್ತದೆ.

ಈಗ ಬಿಟ್ಟುಕೊಡುವುದು ಯಾರು? ಇದಕ್ಕೆ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಡೇನಿಯಲ್ ಕಾಸ್‌ಗ್ರೋವ್ ಅವರ ಲ್ಯಾಬಿನಲ್ಲಿ ಮಾಡಿದ ಪ್ರಯೋಗವನ್ನು ನೀವು ತಿಳಿದುಕೊಳ್ಳಲೇಬೇಕು. ನನ್ನ ಪ್ರಕಾರ ಇಡೀ ಸಸ್ಯಶಾಸ್ತ್ರದಲ್ಲೇ ಇಷ್ಟು ಅಚ್ಚುಕಟ್ಟಾದ ಪ್ರಯೋಗ ಕಡಿಮೆ. ಸೌತೆಕಾಯಿ ಬೀಜವನ್ನು ಕತ್ತಲಲ್ಲಿ ಮೊಳೆಸುತ್ತಾರೆ. ಬೆಳ್ಳಗೆ ಉದ್ದಕ್ಕೆ ಬೆಳೆದ ಕಾಂಡದ ತುದಿಭಾಗವನ್ನು ಕತ್ತರಿಸಿ ಫ್ರೀಜ್ ಮಾಡಿ ಸಾಯಿಸುತ್ತಾರೆ. ಕರಗಿಸಿ, ಒತ್ತಿ ರಸ ತೆಗೆಯುತ್ತಾರೆ. ಈಗ ಉಳಿದದ್ದು ಬರೀ ಗೋಡೆ. ಈ ಚೂರನ್ನು ಎರಡು ಕ್ಲಿಪ್ಪುಗಳ ನಡುವೆ ಹಿಡಿದು, ಒಂದು ತುದಿಗೆ ಸಣ್ಣ ತೂಕ ಕಟ್ಟಿ, ಪಿಎಚ್ ಬದಲಾಗದಂತೆ ಹಿಡಿದಿಡುವ ಬಫರ್ ದ್ರಾವಣದಲ್ಲಿ ಇಳಿಬಿಡುತ್ತಾರೆ. ಪಿಎಚ್ 7 ಇದ್ದಾಗ ಹೆಚ್ಚೇನೂ ಆಗುವುದಿಲ್ಲ. ಬಫರ್ ಬದಲಿಸಿ 4.5ಕ್ಕೆ ತಂದ ತಕ್ಷಣ ಸತ್ತ ಗೋಡೆ ಉದ್ದವಾಗೋಕೆ ಶುರು! ಅದೂ ಗಂಟೆಗಟ್ಟಲೆ. ಅದೇ ಚೂರನ್ನು ಮೊದಲು ಕೆಲವು ಸೆಕೆಂಡು ಕುದಿಯುವ ನೀರಿನಲ್ಲಿ ಅದ್ದಿ ತೆಗೆದರೆ ಹುಳಿ ಬಫರ್‌ನಲ್ಲೂ ಅಲ್ಲಾಡುವುದಿಲ್ಲ. ಅಂದರೆ ಗೋಡೆಯಲ್ಲಿ ಬಿಸಿಗೆ ಹಾಳಾಗುವ ಒಂದು ಪ್ರೋಟೀನ್ ಇದೆ. ಬೇರೆ ಸೌತೆ ಮೊಳಕೆಗಳ ಗೋಡೆಯಿಂದ ಆ ಪ್ರೋಟೀನ್ ತೆಗೆದು ಬೆಂದ ಚೂರಿಗೆ ಹಾಕಿದರೆ ಅದು ಮತ್ತೆ ಉದ್ದವಾಗುತ್ತದೆ. 1992ರಲ್ಲಿ ಆ ಪ್ರೋಟೀನನ್ನು ಬೇರ್ಪಡಿಸಿದರು, ಮುಂದೆ ಅದಕ್ಕೆ ಎಕ್ಸ್‌ಪಾನ್ಸಿನ್ ಅಂತ ಹೆಸರಾಯಿತು.

ಇದರಲ್ಲಿ ಒಂದು ತಮಾಷೆ ಇದೆ. ಎಕ್ಸ್‌ಪಾನ್ಸಿನ್ ಏನನ್ನೂ ಕತ್ತರಿಸುವುದಿಲ್ಲ. ಸಕ್ಕರೆ ಸರಪಳಿಯ ಒಂದು ಕೊಂಡಿಯನ್ನೂ ಬಿಡಿಸಿದ ಪುರಾವೆ ಇಲ್ಲ. ಸೆಲ್ಯುಲೋಸ್ ಎಳೆಗಳು ಒಂದಕ್ಕೊಂದು ಅಂಟಿಕೊಂಡ ಜಾಗದಲ್ಲಿ ಆ ದುರ್ಬಲ ಹಿಡಿತವನ್ನು ಸಡಿಲಿಸಿ ಎಳೆಗಳು ಜಾರುವಂತೆ ಮಾಡುತ್ತದೆ. ಗೋಡೆ ಸಡಿಲಿಸುವ ಮುಖ್ಯ ಆಸಾಮಿ ಕತ್ತರಿ ಹಾಕುವ ಕಿಣ್ವವೇ ಅಲ್ಲ! ಇನ್ನು ಆ ಹುಳಿ ಎಲ್ಲಿಂದ ಬರುತ್ತದೆ ಅಂದರೆ, ಆಕ್ಸಿನ್ ಹಾರ್ಮೋನು ಬಂದಾಗ ಕೋಶಪೊರೆಯ ಪಂಪುಗಳು ಪ್ರೋಟಾನ್‌ಗಳನ್ನು ಹೊರಗೆ ತಳ್ಳುತ್ತವೆ, ಗೋಡೆಯ ಪಿಎಚ್ ಇಳಿಯುತ್ತದೆ. ನಿಮ್ಮ ಸಿಲಬಸ್ಸಿನಲ್ಲಿ "ಆಮ್ಲ ಬೆಳವಣಿಗೆ" ಅಂತ ಎರಡು ಸಾಲು ಇರುತ್ತಲ್ಲ, ಅದು ಇದೇ.

ಕತ್ತರಿಸುವವರಲ್ಲೂ ಎಲ್ಲರೂ ಒಂದೇ ಥರ ಅಲ್ಲ. ಎಕ್ಸ್‌ಟಿಎಚ್ ಅಂತ ಒಂದು ಕುಟುಂಬ ಇದೆ, ಪೂರ್ತಿ ಹೆಸರು ಕ್ಸೈಲೋಗ್ಲೂಕನ್ ಎಂಡೋಟ್ರಾನ್ಸ್‌ಗ್ಲೂಕೋಸೈಲೇಸ್-ಹೈಡ್ರೋಲೇಸ್, ಒಂದೇ ಉಸಿರಿಗೆ ಹೇಳೋಕೆ ಕಷ್ಟ. 1992ರ ಆಸುಪಾಸಿನಲ್ಲೇ ಎಡಿನ್‌ಬರೊ, ಜಪಾನ್ ಮತ್ತು ಬ್ರಾಟಿಸ್ಲಾವಾದ ಲ್ಯಾಬುಗಳು ಇದರ ಚಟುವಟಿಕೆಯನ್ನು ಬೇರೆ ಬೇರೆಯಾಗಿ ಪತ್ತೆ ಮಾಡಿದವು. ಅರಾಬಿಡಾಪ್ಸಿಸ್ ಅನ್ನುವ ಪುಟ್ಟ ಪ್ರಯೋಗದ ಗಿಡದಲ್ಲೇ ಇದರ 33 ಜೀನ್‌ಗಳಿವೆ. ಇದು ಕ್ಸೈಲೋಗ್ಲೂಕನ್ ಸರಪಳಿಯನ್ನು ಕತ್ತರಿಸುತ್ತದೆ, ಆದರೆ ಕತ್ತರಿಸಿದ ತುದಿಯನ್ನು ಕೈಬಿಡುವುದಿಲ್ಲ. ಹಿಡಿದುಕೊಂಡೇ ಇದ್ದು ಪಕ್ಕದ ಇನ್ನೊಂದು ಸರಪಳಿಯ ತುದಿಗೆ ಜೋಡಿಸುತ್ತದೆ. ಇಲ್ಲಿ ಗಮನಿಸಬೇಕಾದದ್ದು: ಗೋಡೆ ಇರುವುದು ಕೋಶದ ಹೊರಗೆ, ಅಲ್ಲಿ ಹೊಸ ಕೊಂಡಿ ಹಾಕೋಕೆ ಎಟಿಪಿ (ಕೋಶ ಶಕ್ತಿಗಾಗಿ ಬಳಸುವ ಅಣು) ಇಲ್ಲ. ಹಳೆಯ ಕೊಂಡಿ ಬಿಡಿಸುವಾಗ ಸಿಕ್ಕ ಶಕ್ತಿಯನ್ನೇ ಹೊಸ ಕೊಂಡಿಗೆ ಬಳಸುವುದರಿಂದ ಇಲ್ಲಿ ಹೊರಗಿನ ಶಕ್ತಿ ಬೇಕಾಗುವುದಿಲ್ಲ. ಈ ಕಿಣ್ವವನ್ನು ಅಳೆಯೋಕೆ ಪ್ರಪಂಚದ ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಬಳಸುವ ಕ್ಸೈಲೋಗ್ಲೂಕನ್ ಬರುವುದು ಎಲ್ಲಿಂದ ಗೊತ್ತಾ? ನಮ್ಮ ಹುಣಸೆ ಬೀಜದಿಂದ. ನೂಲಿಗೆ ಗಂಜಿ ಹಾಕೋಕೆ ಬಳಸುವ ಹುಣಸೆ ಬೀಜದ ಪುಡಿಯಲ್ಲಿರುವುದೂ ಅದೇ. ಬೀಜದೊಳಗೆ ಅದು ಮೊಳಕೆಗೆ ಇಟ್ಟ ಬುತ್ತಿ, ಹಾಗಾಗಿ ಅಷ್ಟು ರಾಶಿ ಇರುತ್ತದೆ.

ಟೆಕ್ಸ್ಟ್‌ಬುಕ್ಕಿನ ಚಿತ್ರದಲ್ಲಿ ಸೆಲ್ಯುಲೋಸ್ ಎಳೆಗಳನ್ನು ಕ್ಸೈಲೋಗ್ಲೂಕನ್ ದಾರಗಳು ಅಡ್ಡಡ್ಡ ಕಟ್ಟಿಹಾಕಿರುತ್ತವೆ. ಆ ದಾರ ಕತ್ತರಿಸಿದರೆ ಗೋಡೆ ಸಡಿಲ, ಅಷ್ಟೇ ಕಥೆ ಅಂತ ಎಷ್ಟೋ ವರ್ಷ ಎಲ್ಲರೂ ನಂಬಿದ್ದರು. 2008ರಲ್ಲಿ ಕ್ಸೈಲೋಗ್ಲೂಕನ್ ಪತ್ತೆಯೇ ಆಗದ ಅರಾಬಿಡಾಪ್ಸಿಸ್ ಗಿಡವನ್ನು ಮಾಡಿ ನೋಡಿದರು. ಗಿಡ ಕುಸಿದು ಬೀಳಬೇಕಿತ್ತು, ಅಲ್ವಾ? ಸ್ವಲ್ಪ ಕುಳ್ಳಗೆ ಬೆಳೆಯಿತು, ಬೇರಿನ ಕೂದಲು ಸೊಟ್ಟಗಾಯಿತು, ಉಳಿದಂತೆ ಬದುಕಿತು. 2012ರಲ್ಲಿ ಕಾಸ್‌ಗ್ರೋವ್ ಲ್ಯಾಬಿನವರು ಅದೇ ಸೌತೆ ಚೂರಿನ ಮೇಲೆ ಬರೀ ಕ್ಸೈಲೋಗ್ಲೂಕನ್ ಕತ್ತರಿಸುವ ಕಿಣ್ವ ಹಾಕಿದರು, ಉದ್ದವಾಗಲಿಲ್ಲ. ಬರೀ ಸೆಲ್ಯುಲೋಸ್ ಕತ್ತರಿಸುವುದನ್ನು ಹಾಕಿದರು, ಆಗಲೂ ಇಲ್ಲ. ಎರಡನ್ನೂ ಕತ್ತರಿಸಬಲ್ಲ ಕಿಣ್ವ ಹಾಕಿದಾಗ ಮಾತ್ರ ಉದ್ದವಾಯಿತು. ಅಂದರೆ ಹಿಡಿತ ಇರುವುದು ಎಳೆ ಮತ್ತು ದಾರ ಎರಡೂ ಬಿಗಿಯಾಗಿ ಕಚ್ಚಿಕೊಂಡ ಕೆಲವೇ ಕೆಲವು ಜಾಗಗಳಲ್ಲಿ. ಟೆಕ್ಸ್ಟ್‌ಬುಕ್ಕಿನ ಆ ಚಿತ್ರವನ್ನು ಪರೀಕ್ಷೆಗೆ ಬಿಡಿಸಿ, ಮನಸ್ಸಿಗೆ ತಗೋಬೇಡಿ.

ಈಗ ನಿಮ್ಮ ಅಸಲಿ ಪ್ರಶ್ನೆಗೆ ಬರೋಣ, ಪೆಕ್ಟಿನ್ ಮೀಥೈಲ್ ಎಸ್ಟರೇಸ್. ಇನ್ನು ಮುಂದೆ ಪಿಎಂಇ ಅನ್ನುತ್ತೇನೆ. ಪೆಕ್ಟಿನ್ ಅಂದರೆ ಮುಖ್ಯವಾಗಿ ಗ್ಯಾಲಕ್ಟುರೋನಿಕ್ ಆಮ್ಲದ ಉದ್ದ ಸರಪಳಿ. ಕೋಶದೊಳಗೆ, ಗಾಲ್ಜಿ ಅನ್ನುವ ಭಾಗದಲ್ಲಿ ಇದು ತಯಾರಾಗುವಾಗ ಆ ಆಮ್ಲದ ಗುಂಪುಗಳಲ್ಲಿ ಹೆಚ್ಚಿನವಕ್ಕೆ ಕೋಶ ಮೀಥೈಲ್ ಟೋಪಿ ಹಾಕಿಯೇ ಗೋಡೆಗೆ ಕಳಿಸುತ್ತದೆ. ಟೋಪಿ ಇದ್ದಷ್ಟು ಹೊತ್ತು ಋಣ ವಿದ್ಯುದಂಶ ಮುಚ್ಚಿಕೊಂಡಿರುತ್ತದೆ, ಪೆಕ್ಟಿನ್ ಮೆತ್ತಗೆ ಹರಿದಾಡಿಕೊಂಡಿರುತ್ತದೆ. ಗೋಡೆಯಲ್ಲಿರುವ ಪಿಎಂಇ ಈ ಟೋಪಿ ತೆಗೆಯುತ್ತದೆ. ಆಗ ಮೆಥನಾಲ್ ಹೊರಬೀಳುತ್ತದೆ. ಎಳೆಯ ಎಲೆಗಳಿಂದ ಗಾಳಿಗೆ ಮೆಥನಾಲ್ ಹೋಗುವುದನ್ನು ಅಳೆದಿದ್ದಾರೆ, ಅದು ಹೆಚ್ಚಾಗಿ ಇದೇ ಕೆಲಸದ ಲೆಕ್ಕ.

ಟೋಪಿ ತೆಗೆದ ಮೇಲೆ ಎರಡು ದಾರಿ. ಪಿಎಂಇ ಒಂದು ಕಡೆಯಿಂದ ಸಾಲಾಗಿ ತೆಗೆಯುತ್ತಾ ಹೋದರೆ ಋಣ ವಿದ್ಯುದಂಶದ ಉದ್ದ ಪಟ್ಟಿ ಆಗುತ್ತದೆ. ಎರಡು ಸರಪಳಿಯ ಅಂಥ ಪಟ್ಟಿಗಳ ನಡುವೆ ಕ್ಯಾಲ್ಸಿಯಂ ಅಯಾನುಗಳು ಸಾಲಾಗಿ ಕೂತು ಬೆಸುಗೆ ಹಾಕುತ್ತವೆ, ಪೆಕ್ಟಿನ್ ಗಟ್ಟಿ ಜೆಲ್ ಆಗುತ್ತದೆ. ಅಲ್ಲೊಂದು ಇಲ್ಲೊಂದು ತೆಗೆದರೆ ಕ್ಯಾಲ್ಸಿಯಂಗೆ ಕೂರಲು ಸಾಲು ಸಿಗುವುದಿಲ್ಲ. ಪಾಲಿಗ್ಯಾಲಕ್ಟುರೊನೇಸ್, ಪೆಕ್ಟೇಟ್ ಲೈಯೇಸ್ ಅನ್ನುವ ಕತ್ತರಿಸುವ ಕಿಣ್ವಗಳಿಗಂತೂ ಟೋಪಿ ತೆಗೆದ ಜಾಗವೇ ಬೇಕು, ಟೋಪಿ ಇದ್ದ ಪೆಕ್ಟಿನ್ ಮೇಲೆ ಅವುಗಳ ಆಟ ನಡೆಯುವುದಿಲ್ಲ. ಅವು ಬಂದರೆ ಗೋಡೆ ಮೆತ್ತಗೆ. ಇಷ್ಟರ ಮೇಲೆ ಪಿಎಂಇಯನ್ನೇ ಹಿಡಿದು ಕೂರಿಸುವ ಪ್ರೋಟೀನ್‌ಗಳೂ ಇವೆ, ಮೊದಲು ಸಿಕ್ಕಿದ್ದು 1990ರಲ್ಲಿ ಕಿವಿ ಹಣ್ಣಿನಲ್ಲಿ. ಅರಾಬಿಡಾಪ್ಸಿಸ್‌ನಲ್ಲಿ ಪಿಎಂಇ ಜೀನ್‌ಗಳು 66, ತಡೆಯುವವು ಅದಕ್ಕಿಂತಲೂ ಜಾಸ್ತಿ. ಬರೀ ಕತ್ತರಿಸುವುದೇ ಉದ್ದೇಶವಾಗಿದ್ದರೆ ಇಷ್ಟೊಂದು ಕಾವಲು ಯಾಕೆ ಬೇಕಿತ್ತು?

ಗಟ್ಟಿ ಮಾಡುವ ಉದಾಹರಣೆ ನೋಡಬೇಕಾದರೆ ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳದ ಹೊಲಕ್ಕೆ ಹೋಗಿ. ತೆನೆಯ ತುದಿಯಲ್ಲಿ ರೇಷ್ಮೆಯಂಥ ಎಳೆಗಳು ಇಳಿಬಿದ್ದಿರುತ್ತವಲ್ಲ, ಒಂದೊಂದು ಎಳೆಗೆ ಒಂದೊಂದು ಕಾಳು. ಎಳೆಯ ಮೇಲೆ ಬಿದ್ದ ಪರಾಗದ ಕಣದಿಂದ ಒಂದು ನಳಿಕೆ ಹೊರಟು, ಎಳೆಯೊಳಗೇ ದಾರಿ ಮಾಡಿಕೊಂಡು, ಕೆಲವೊಮ್ಮೆ 30 ಸೆಂಟಿಮೀಟರ್‌ವರೆಗೂ ಬೆಳೆದು ಅಂಡಾಣು ಮುಟ್ಟಬೇಕು. ಗಂಟೆಗೆ ಒಂದು ಸೆಂಟಿಮೀಟರ್ ಆಸುಪಾಸಿನ ವೇಗ. ಪರಾಗನಳಿಕೆ ತುದಿಯಲ್ಲಿ ಮಾತ್ರ ಬೆಳೆಯುತ್ತದೆ. ತುದಿಗೆ ಬರುವ ಹೊಸ ಪೆಕ್ಟಿನ್ ಟೋಪಿ ಹಾಕಿಕೊಂಡೇ ಇರುತ್ತದೆ, ಮೆತ್ತಗೆ. ಅಲ್ಲಿ ಪಿಎಂಇಯನ್ನು ತಡೆಯುವ ಪ್ರೋಟೀನ್ ಕಾವಲಿಗೆ ಇರುತ್ತದೆ. ತುದಿ ಮುಂದೆ ಹೋದಂತೆ ಹಿಂದೆ ಉಳಿದ ಪಕ್ಕದ ಗೋಡೆಯಲ್ಲಿ ಪಿಎಂಇ ಟೋಪಿ ತೆಗೆಯುತ್ತದೆ, ಕ್ಯಾಲ್ಸಿಯಂ ಕೂರುತ್ತದೆ, ಪಕ್ಕ ಗಟ್ಟಿ. ಒತ್ತಡಕ್ಕೆ ಹಿಗ್ಗಲು ತುದಿ ಬಿಟ್ಟರೆ ಬೇರೆ ಜಾಗ ಇಲ್ಲ, ಹಾಗಾಗಿ ನಳಿಕೆ ನೇರವಾಗಿ ಮುಂದೆ ಹೋಗುತ್ತದೆ. ಅರಾಬಿಡಾಪ್ಸಿಸ್‌ನಲ್ಲಿ ಪರಾಗದ ಒಂದು ಪಿಎಂಇ ಜೀನ್ ಕೆಡಿಸಿದಾಗ ನಳಿಕೆಗಳು ಸುಲಭವಾಗಿ ಒಡೆದುಹೋದವು.

ಮೆಕ್ಕೆಜೋಳದಲ್ಲಿ ಇನ್ನೂ ಎರಡು ವಿಷಯ ಇವೆ, ಬಿಡೋಕೆ ಮನಸ್ಸು ಬರುತ್ತಿಲ್ಲ. ಹುಲ್ಲಿನ ಜಾತಿಯ ಪರಾಗಕ್ಕೆ ಕೆಲವರಿಗೆ ಸೀನು, ಕಣ್ಣುರಿ ಬರುತ್ತಲ್ಲ, ಆ ಅಲರ್ಜಿ ತರುವ ಪ್ರೋಟೀನ್‌ಗಳಲ್ಲಿ ಒಂದು ಮುಖ್ಯ ಗುಂಪು ಎಕ್ಸ್‌ಪಾನ್ಸಿನ್ ಕುಟುಂಬದ್ದೇ ಅಂತ 1997ರಲ್ಲಿ ಗೊತ್ತಾಯಿತು. ಹೆಣ್ಣು ಎಳೆಯ ಗೋಡೆ ಸಡಿಲಿಸಿ ನಳಿಕೆಗೆ ದಾರಿ ಬಿಡಿಸಲು ಪರಾಗ ಅದನ್ನು ಹೊತ್ತು ತರುತ್ತದೆ. ನಮ್ಮ ಮೂಗಿಗೆ ಬೀಳುವುದು ಅದರ ಪಾಲಿಗೆ ಆಕಸ್ಮಿಕ. ಎರಡನೆಯದು, ಕೆಲವು ಪಾಪ್‌ಕಾರ್ನ್ ತಳಿಗಳು ಪಕ್ಕದ ಹೊಲದ ಸಾಮಾನ್ಯ ಮೆಕ್ಕೆಜೋಳದ ಪರಾಗವನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ನಳಿಕೆ ಹೊರಟರೂ ದಾರಿಯಲ್ಲೇ ನಿಲ್ಲುತ್ತದೆ. ತಳಿಶಾಸ್ತ್ರದವರಿಗೆ ಇದು 1920ರ ದಶಕದಿಂದ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಈಗ 2017–18ರ ಹೊತ್ತಿಗೆ ಜೀನ್‌ಗಳು ಸಿಕ್ಕವು: ಹೆಣ್ಣು ಎಳೆಯ ಕಡೆಯ ತಡೆಗೂ ಪಿಎಂಇ, ಅದನ್ನು ದಾಟಬಲ್ಲ ಪರಾಗದ ಕಡೆಯೂ ಪಿಎಂಇ. ಟೋಪಿ ಎಷ್ಟು ತೆಗೆಯಬೇಕು ಅನ್ನುವುದರ ಮೇಲೆ ಯಾರ ಜೊತೆ ಯಾರ ಕೂಟ ಅನ್ನುವುದು ತೀರ್ಮಾನವಾಗುತ್ತದೆ ನೋಡಿ!

ಮೆತ್ತಗೆ ಮಾಡುವ ಉದಾಹರಣೆ ಕಾಂಡದ ತುದಿಯಲ್ಲಿದೆ. ಎಲೆಯೋ ಹೂವೋ ಹೊಸದಾಗಿ ಮೂಡಬೇಕಾದರೆ ಆ ಗುಂಡನೆಯ ತುದಿಯ ಪಕ್ಕದಲ್ಲಿ ಒಂದು ಸಣ್ಣ ಉಬ್ಬು ಏಳಬೇಕು. ಫ್ರಾನ್ಸಿನಲ್ಲಿ ಅಲೆಕ್ಸಿಸ್ ಪೊಸೆಲ್ ಮತ್ತು ಸಂಗಡಿಗರು 2008ರಲ್ಲಿ ಪಿಎಂಇ ತಡೆಯುವ ಪ್ರೋಟೀನನ್ನು ಅರಾಬಿಡಾಪ್ಸಿಸ್‌ನಲ್ಲಿ ಜಾಸ್ತಿ ಮಾಡಿದರು. ಹೂವಿನ ಮೊಗ್ಗುಗಳೇ ಮೂಡಲಿಲ್ಲ, ಕಾಂಡ ಬೋಳು ಕಡ್ಡಿಯಂತೆ ನಿಂತಿತು. 2011ರಲ್ಲಿ ಅತಿ ಸೂಕ್ಷ್ಮ ಮೊನೆಯಿಂದ ತುದಿಯನ್ನು ಒತ್ತಿ ಅಳೆದರು. ಉಬ್ಬು ಕಣ್ಣಿಗೆ ಕಾಣುವ ಮೊದಲೇ ಆ ಜಾಗ ಮೆತ್ತಗಾಗಿತ್ತು, ಅದಕ್ಕೆ ಪೆಕ್ಟಿನ್‌ನ ಟೋಪಿ ತೆಗೆದಿರಬೇಕಿತ್ತು. ಪರಾಗನಳಿಕೆಯ ಪಕ್ಕವನ್ನು ಗಟ್ಟಿ ಮಾಡಿದ ಅದೇ ರಾಸಾಯನಿಕ ಕ್ರಿಯೆ ಇಲ್ಲಿ ಮೆತ್ತಗೆ ಮಾಡಿದೆ. ನಿಮ್ಮ ಎರಡು ಪುಸ್ತಕಗಳು ಜಗಳ ಆಡಿದ್ದು ಹೀಗೆ. ಒಂದನ್ನು ಬರೆದವರು ಪರಾಗ ನೋಡಿರಬೇಕು, ಇನ್ನೊಂದನ್ನು ಬರೆದವರು ಕಾಂಡದ ತುದಿಯನ್ನೋ ಹಣ್ಣನ್ನೋ ನೋಡಿರಬೇಕು.

ಹಣ್ಣಿನ ವಿಷಯದಲ್ಲಿ ದುಡ್ಡು ಹಾಕಿ ಪಾಠ ಕಲಿತವರಿದ್ದಾರೆ. ಟೊಮೆಟೊ ಹಣ್ಣಾಗುವಾಗ ಪಾಲಿಗ್ಯಾಲಕ್ಟುರೊನೇಸ್ ವಿಪರೀತ ಏರುತ್ತದೆ. ಅದನ್ನು ತಗ್ಗಿಸಿದರೆ ಹಣ್ಣು ಮೆತ್ತಗಾಗುವುದು ನಿಲ್ಲಬೇಕು ಅಂತ ಲೆಕ್ಕ ಹಾಕಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಜೀನ್ ಕಂಪನಿ ಫ್ಲೇವರ್ ಸೇವರ್ ಟೊಮೆಟೊ ಮಾಡಿತು. 1994ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ಕುಲಾಂತರಿ ಆಹಾರವಾಗಿ ಅಂಗಡಿಗೆ ಬಂದ ಮೊದಲ ಇಡೀ ಹಣ್ಣು ಅದು. ಕಿಣ್ವ ಬಹುಪಾಲು ಹೋಗಿತ್ತು, ಆದರೂ ಹಣ್ಣು ಹೆಚ್ಚುಕಡಿಮೆ ಮಾಮೂಲಿನಂತೆಯೇ ಮೆತ್ತಗಾಯಿತು. ಕೊಳೆಯುವುದು ತಡವಾಯಿತು, ರಸ ಮಂದವಾಯಿತು, ಅಷ್ಟು ಲಾಭ. ಕೆಲವೇ ವರ್ಷಗಳಲ್ಲಿ ಅಂಗಡಿಯಿಂದ ಮಾಯವಾಯಿತು. ಪಿಎಂಇ ತಗ್ಗಿಸಿದ ಟೊಮೆಟೊ ಕೂಡ ಹಣ್ಣಾಗುವಾಗ ಮೆತ್ತಗಾಗುವುದನ್ನು ಬಿಡಲಿಲ್ಲ. 2016ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನವರು ಪೆಕ್ಟೇಟ್ ಲೈಯೇಸ್ ಜೀನ್ ತಗ್ಗಿಸಿದಾಗ ಹಣ್ಣು ನಿಜವಾಗಿಯೂ ಗಟ್ಟಿ ಉಳಿಯಿತು, ಬಣ್ಣ ರುಚಿ ಕೆಡಲಿಲ್ಲ. ಅದಕ್ಕೂ ಮೊದಲು, 2010ರಲ್ಲಿ, ದೆಹಲಿಯ ರಾಷ್ಟ್ರೀಯ ಸಸ್ಯ ಜೀನೋಮ್ ಸಂಶೋಧನಾ ಸಂಸ್ಥೆಯವರು ಪೆಕ್ಟಿನ್ ತಂಟೆಗೇ ಹೋಗದೆ, ಪ್ರೋಟೀನ್‌ಗಳಿಗೆ ಅಂಟಿದ ಸಕ್ಕರೆ ಸರಪಳಿಯನ್ನು ಕತ್ತರಿಸುವ ಎರಡು ಕಿಣ್ವಗಳನ್ನು ತಗ್ಗಿಸಿ ಟೊಮೆಟೊ ಸುಮಾರು 30 ದಿನ ಹೆಚ್ಚು ಬಾಳುವಂತೆ ಮಾಡಿ ತೋರಿಸಿದರು. ಮಾವಿನ ಹಣ್ಣಿನಲ್ಲೂ ಇಂಥ ಒಂದಲ್ಲ, ಹಲವು ಕಿಣ್ವಗಳು ಒಟ್ಟಿಗೆ ಏರುತ್ತವೆ ಅಂತ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ನಲ್ಲಿ ಆಲ್ಫಾನ್ಸೊ ಇಟ್ಟುಕೊಂಡು ಮಾಡಿದ ಕೆಲಸ ತೋರಿಸಿದೆ.

ಉಳಿದ ಅಂಗಾಂಶಗಳನ್ನು ಬೇಗ ಹೇಳಿಬಿಡುತ್ತೇನೆ. ಎಲೆ ಉದುರುವ ಜಾಗದಲ್ಲಿ ಎಥಿಲೀನ್ ಹಾರ್ಮೋನು ಬಂದಾಗ ಸೆಲ್ಯುಲೇಸ್ ಮತ್ತು ಪಾಲಿಗ್ಯಾಲಕ್ಟುರೊನೇಸ್ ಸೇರಿ ಕೋಶಗಳನ್ನು ಬೇರ್ಪಡಿಸುತ್ತವೆ. ನೀರು ಸಾಗಿಸುವ ಕ್ಸೈಲಂ ನಾಳ ಆಗುವಾಗ ಪಕ್ಕದ ಗೋಡೆಗೆ ಲ್ಯಾಕೇಸ್, ಪೆರಾಕ್ಸಿಡೇಸ್‌ಗಳು ಲಿಗ್ನಿನ್ ಕಟ್ಟುತ್ತವೆ, ತುದಿಯ ಗೋಡೆ ಕರಗಿ ಕಿಂಡಿ ಬೀಳುತ್ತದೆ. ಒಂದೇ ಕೋಶದಲ್ಲಿ ಒಂದು ಕಡೆ ಕಟ್ಟುವುದು, ಇನ್ನೊಂದು ಕಡೆ ಕೆಡವುವುದು. ಪರಾಗಕೋಶದೊಳಗೆ ನಾಲ್ಕು ನಾಲ್ಕಾಗಿ ಹುಟ್ಟುವ ಪರಾಗಕಣಗಳು ಬಿಡಿಯಾಗಲು ಮತ್ತೆ ಪಿಎಂಇ, ಪಾಲಿಗ್ಯಾಲಕ್ಟುರೊನೇಸ್ ಎರಡೂ ಬೇಕು. ಕೆಟ್ಟರೆ ನಾಲ್ಕೂ ಅಂಟಿಕೊಂಡೇ ಹೊರಬರುತ್ತವೆ.

ಕಾಲೇಜು ಲ್ಯಾಬಿನಲ್ಲೋ ಮನೆಯಲ್ಲೋ ಪಿಎಂಇ ಕೆಲಸವನ್ನು ಕಣ್ಣಾರೆ ನೋಡಬೇಕು ಅಂತಿದ್ದರೆ ಆಲೂಗಡ್ಡೆ ಸಾಕು. ಒಂದೇ ಗಡ್ಡೆಯಿಂದ ಒಂದೇ ದಪ್ಪದ ತೆಳ್ಳಗಿನ ಬಿಲ್ಲೆಗಳನ್ನು ಕೊಯ್ದು ಮೂರು ಪಾಲು ಮಾಡಿ. ಮೊದಲ ಪಾಲನ್ನು ನೇರ ಕುದಿಸಿ. ಎರಡನೆಯದನ್ನು 60 ಡಿಗ್ರಿ ಬಿಸಿನೀರಿನಲ್ಲಿ ಅರ್ಧ ಗಂಟೆ ಇಟ್ಟು ಆಮೇಲೆ ಅಷ್ಟೇ ಹೊತ್ತು ಕುದಿಸಿ. ಥರ್ಮಾಮೀಟರ್ ಬೇಕೇ ಬೇಕು, 70 ದಾಟಿದರೆ ಕಿಣ್ವ ಹಾಳಾಗುತ್ತಾ ಹೋಗುತ್ತದೆ. ಎರಡನೆಯದು ಗಟ್ಟಿ ಉಳಿಯುತ್ತದೆ. ಆ ಬಿಸಿಗೆ ಕೋಶಪೊರೆ ಒಡೆದು ಒಳಗಿನ ಅಯಾನುಗಳು ಗೋಡೆಗೆ ಬರುತ್ತವೆ, ಪಿಎಂಇ ಚುರುಕಾಗಿ ಟೋಪಿ ತೆಗೆಯುತ್ತದೆ, ಕ್ಯಾಲ್ಸಿಯಂ ಕೂರುತ್ತದೆ, ಆಮೇಲೆ ಎಷ್ಟು ಕುದಿಸಿದರೂ ಪೆಕ್ಟಿನ್ ಸುಲಭವಾಗಿ ಬಿಡುವುದಿಲ್ಲ. ಬೋರ್‌ವೆಲ್ ನೀರಿನಲ್ಲಿ ತೊಗರಿಬೇಳೆ ಬೇಯದೇ ಸತಾಯಿಸುವುದರ ಹಿಂದೆಯೂ ಇದೇ ಕ್ಯಾಲ್ಸಿಯಂ–ಪೆಕ್ಟಿನ್ ನಂಟಿದೆ, ಅಲ್ಲಿ ಕ್ಯಾಲ್ಸಿಯಂ ನೀರಿನಿಂದಲೇ ಬರುತ್ತದೆ. ಮೂರನೇ ಪಾಲನ್ನು ಮರೆಯಬೇಡಿ: ಅದನ್ನು ಮೊದಲು ಎರಡು ಮೂರು ನಿಮಿಷ ಕುದಿಯುವ ನೀರಿನಲ್ಲಿ ಹಾಕಿ ಕಿಣ್ವ ಕೊಂದು, ಆಮೇಲೆ 60 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಮತ್ತೆ ಕುದಿಸಿ. ಅದೂ ಗಟ್ಟಿ ಉಳಿದರೆ ನಿಮ್ಮ ಎರಡನೇ ಪಾಲು ಪಿಎಂಇಯಿಂದ ಗಟ್ಟಿಯಾಯಿತು ಅಂತ ಹೇಳೋಕೆ ಬರುವುದಿಲ್ಲ.